‘ಒಂದೆರಡು ಕಡೆ ಗುಡುಗು ಸಹಿತ ಮಳೆ’: ಬಯಲುಸೀಮೆಯ ಬೇಸಿಗೆ, ಅಡ್ಡಮಳೆ ಮತ್ತು ಅದರ ತಂಪು

(ಕೃತ್ತಿಕಾ ಮಳೆಯ ದಿನಗಳಲ್ಲಿ, ರೋಣ ತಾಲ್ಲೂಕಿನ ಒಂದು ಊರಿನ ಶಾಲೆಯ ಅಂಗಳದಲ್ಲಿ ರೈತರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ.)

ಹಿರಿಯರೇ, ತಾಯಂದಿರೇ, ನನ್ನ ವಿದ್ಯಾರ್ಥಿ ಮಿತ್ರರೇ,

ಬೇಸಿಗೆಯಲ್ಲಿ ಆಕಾಶವಾಣಿಯ ಪ್ರದೇಶ ಸಮಾಚಾರದ ಕೊನೆಗೆ ನಾವೆಲ್ಲರೂ ಕೇಳುವ ಒಂದು ವಾಕ್ಯವಿದೆ. ‘ಮುಂದಿನ ಎರಡು ದಿನಗಳಲ್ಲಿ ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆಯಿದ್ದು, ಗರಿಷ್ಠ ಉಷ್ಣಾಂಶ ಎರಡರಿಂದ ಮೂರು ಡಿಗ್ರಿಯಷ್ಟು ಕಡಿಮೆಯಾಗಲಿದೆ.’ ಈ ವಾಕ್ಯವನ್ನು ಕೇಳಿ ಒಬ್ಬರು ಬಣವೆಗೆ ತಾಡಪತ್ರಿ ಹುಡುಕುತ್ತಾರೆ, ಇನ್ನೊಬ್ಬರು ಬೀಜದ ಚೀಲದ ಕಡೆ ನೋಡುತ್ತಾರೆ, ಮತ್ತೊಬ್ಬರು ರೇಡಿಯೊ ಆರಿಸಿ ‘ಇವರು ದಿನಾ ಹೇಳತಾರ’ ಎಂದು ಸುಮ್ಮನಾಗುತ್ತಾರೆ. ವಿಜ್ಞಾನದ ಮೇಷ್ಟರಾಗಿ ಈ ತಾಲ್ಲೂಕಿನಲ್ಲೇ ನನ್ನ ನೌಕರಿಯೆಲ್ಲ ಕಳೆಯಿತು. ಮನೆಯ ಹಿತ್ತಿಲಲ್ಲಿ ಒಂದು ಮಳೆಮಾಪಕ, ನೆರಳಿನಲ್ಲೊಂದು ಉಷ್ಣಮಾಪಕ ಇಟ್ಟುಕೊಂಡು ಬಹಳ ವರ್ಷ ಈ ವಾಕ್ಯವನ್ನೂ ನಮ್ಮ ಆಕಾಶವನ್ನೂ ಒಟ್ಟಿಗೆ ಓದುತ್ತ ಬಂದಿದ್ದೇನೆ. ಇವತ್ತು ನಾನು ಮಾಡಬೇಕೆಂದಿರುವುದು ಇಷ್ಟೇ: ಆ ಒಂದು ವಾಕ್ಯವನ್ನು ಬಿಡಿಸಿ ನಿಮ್ಮ ಮುಂದಿಡುವುದು. ಅದರಲ್ಲಿ ಎರಡು ಸಂಗತಿಗಳಿವೆ, ಒಂದು ಮಳೆ, ಇನ್ನೊಂದು ತಂಪು. ಎರಡೂ ಒಂದೇ ಮೋಡದಿಂದ ಬಂದರೂ ಎರಡರ ಹಾದಿ ಬೇರೆ ಬೇರೆ. ತಂಪು ಬಂದ ಹೊಲಕ್ಕೆಲ್ಲ ಮಳೆ ಬಂದಿರುವುದಿಲ್ಲ ಎಂಬ ಈ ಮಾತು ಕೇಳಲು ಸಣ್ಣದು, ಆದರೆ ಇದನ್ನು ಮರೆತು ನಮ್ಮ ಮನೆಯಲ್ಲೇ ಬೀಜ ಕಳೆದುಕೊಂಡವರಿದ್ದಾರೆ.

ಮೊದಲು ನಮ್ಮ ನೆಲದ ಬಗ್ಗೆ. ಸಹ್ಯಾದ್ರಿಯ ಪಡುವಣ ಮುಖಕ್ಕೆ ಮುಂಗಾರು ತನ್ನ ಭಾರವನ್ನೆಲ್ಲ ಇಳಿಸಿ, ಹಗುರಾಗಿ, ಒಣಗಿ ಇತ್ತ ಬರುತ್ತದೆ. ಹಾಗಾಗಿ ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರದಂಥ ಜಿಲ್ಲೆಗಳಿಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 600 ಮಿ.ಮೀ. ಆಸುಪಾಸಿನ ಮಳೆ. ಇಂಥ ನೆಲದಲ್ಲಿ ಒಂದೊಂದು ಹದಮಳೆಯೂ ಲೆಕ್ಕಕ್ಕೆ ಬರುತ್ತದೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಬೀಳುವ ಮಳೆಗೆ ಹವಾಮಾನ ಇಲಾಖೆಯವರು ಮುಂಗಾರು ಪೂರ್ವ ಮಳೆ ಎನ್ನುತ್ತಾರೆ, ನಾವು ಅಡ್ಡಮಳೆ ಎನ್ನುತ್ತೇವೆ. ಇಡೀ ರಾಜ್ಯದ ಸರಾಸರಿ ತೆಗೆದರೆ ಈ ಮೂರು ತಿಂಗಳ ವಾಡಿಕೆ ಮಳೆ ಸುಮಾರು 115 ಮಿ.ಮೀ., ಅಂದರೆ ವರ್ಷದ ಮಳೆಯ ಹತ್ತರಲ್ಲಿ ಒಂದು ಪಾಲು. ಆ ಒಂದು ಪಾಲಿಗೆ ನಮ್ಮ ಹಿರಿಯರು ಎಷ್ಟು ಬೆಲೆ ಕೊಟ್ಟಿದ್ದರೆಂದರೆ, ಏಪ್ರಿಲ್ ನಡುವಿನ ಅಶ್ವಿನಿಯಿಂದ ಹಿಡಿದು ಭರಣಿ, ಕೃತ್ತಿಕಾ, ರೋಹಿಣಿ ಎಂದು ಹೆಚ್ಚೂಕಡಿಮೆ ಹದಿನಾಲ್ಕು ದಿನಕ್ಕೊಂದರಂತೆ ಹೆಸರಿಟ್ಟು, ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಗಾದೆ ಕಟ್ಟಿದರು. ಈ ಗಾದೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಒಳಗಿನ ಮಾತು ಸರಿಯಾದದ್ದು. ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಬಿದ್ದ ಮಳೆ ನೆಲವನ್ನು ಉಳುಮೆಗೆ ತೆರೆಯುತ್ತದೆ. ನೆಲ ಹೊತ್ತಿಗೆ ತೆರೆದವನಿಗೆ ಮುಂಗಾರಿನ ಮೊದಲ ಹನಿಯೂ ದಕ್ಕುತ್ತದೆ.

ಇನ್ನು ಆ ಮೋಡ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ಬೇಸಿಗೆಯಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ನಮ್ಮ ಒಳನಾಡನ್ನು ಹಾದು ದಕ್ಷಿಣಕ್ಕೆ ಚಾಚಿಕೊಳ್ಳುವ ಒಂದು ಕಡಿಮೆ ಒತ್ತಡದ ಪಟ್ಟಿ ಆಗಾಗ ಏರ್ಪಡುತ್ತದೆ. ದಿನಪತ್ರಿಕೆಗಳಲ್ಲಿ ಇದನ್ನು ‘ದ್ರೋಣಿ’ ಎಂದು ಬರೆಯುವುದನ್ನು ನೀವು ನೋಡಿರಬಹುದು. ಅದರ ಒಂದು ಬದಿಯಲ್ಲಿ ವಾಯವ್ಯದ ಒಣಗಾಳಿ, ಇನ್ನೊಂದು ಬದಿಯಲ್ಲಿ ಬಂಗಾಳ ಕೊಲ್ಲಿಯ ತೇವ ಹೊತ್ತ ದಕ್ಷಿಣ ಮತ್ತು ಆಗ್ನೇಯದ ಗಾಳಿ. ಎರಡು ಗಾಳಿ ಎದುರುಬದುರಾಗಿ ಸೇರುವ ಕಡೆ ಗಾಳಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ಅದು ಮೇಲಕ್ಕೆ ಏರುತ್ತದೆ. ಅದರ ಜೊತೆಗೆ ನಮ್ಮ ಎರೆ ಹೊಲಗಳ ಕಾವು. ಬೆಳೆಯಿಲ್ಲದ ಕರಿ ನೆಲ ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾದಿರುತ್ತದೆ. ಆ ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಏಳುತ್ತದೆ. ಏಳುವ ಒಣಗಾಳಿ ಒಂದೊಂದು ಕಿಲೋಮೀಟರ್ ಏರಿದಾಗ ಸುಮಾರು ಹತ್ತು ಡಿಗ್ರಿ ತಣ್ಣಗಾಗುತ್ತದೆ. ಸಾಕಷ್ಟು ತಣ್ಣಗಾದ ಎತ್ತರದಲ್ಲಿ ಅದರೊಳಗಿನ ಆವಿ ಹನಿಗಟ್ಟಿ ಮೋಡದ ತಳ ಕಾಣಿಸಿಕೊಳ್ಳುತ್ತದೆ. ಆವಿ ಹನಿಯಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ, ಆ ಶಾಖವೇ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ಹೀಗೆ ತಾನೇ ತನ್ನ ಇಂಧನ ಸುಟ್ಟುಕೊಂಡು ಏರುವ ಮೋಡ ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರಕ್ಕೂ ಹೋಗಿ, ಮೇಲೆ ಅಕ್ಕಸಾಲಿಗನ ಅಡೆಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ದೂರದಲ್ಲಿ ಬೆಳ್ಳಗೆ ಹೊಳೆಯುವ ಆ ತಲೆ ಕಂಡರೆ, ಅದರ ಅಡಿಯಲ್ಲಿರುವ ಊರಿನಲ್ಲಿ ಆಗಲೇ ಮಳೆ ಹೊಯ್ಯುತ್ತಿದೆ ಎಂದು ತಿಳಿಯಬಹುದು.

ಈಗ ತಂಪಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಇಲ್ಲಿಯೇ.

ಮೇ ತಿಂಗಳ ಒಂದು ಸಂಜೆಯನ್ನು ನೆನಪಿಸಿಕೊಳ್ಳಿ. ಮಧ್ಯಾಹ್ನವೆಲ್ಲ ಗಾಳಿಯ ಸುಳಿವಿಲ್ಲ, ಬೇವಿನ ಎಲೆ ಅಲುಗುವುದಿಲ್ಲ, ಧಗೆಗೆ ಎಮ್ಮೆಗಳು ನಾಲಿಗೆ ಹೊರಹಾಕಿ ನಿಂತಿವೆ. ನಮ್ಮ ಮನೆಯ ಉಷ್ಣಮಾಪಕ 39 ತೋರಿಸುತ್ತಿದೆ. ಐದು ಗಂಟೆಗೆ ಈಶಾನ್ಯದಲ್ಲಿ ಕಪ್ಪು ಏರುತ್ತದೆ. ಇದ್ದಕ್ಕಿದ್ದಂತೆ ಆ ಕಡೆಯ ದಾರಿಯ ಧೂಳು ಗೋಡೆಯಂತೆ ಎದ್ದು ಊರಿನ ಮೇಲೆ ಬರುತ್ತದೆ. ಅಂಗಳದಲ್ಲಿ ಒಣಗಹಾಕಿದ ಸಂಡಿಗೆಯ ಸೀರೆಯನ್ನು ಅವ್ವ ನಾಲ್ಕೂ ಮೂಲೆ ಹಿಡಿದು ಒಟ್ಟುಗೂಡಿಸುವಷ್ಟರಲ್ಲಿ ಗಾಳಿ ಬಂದೇ ಬಿಡುತ್ತದೆ. ಆ ಗಾಳಿ ಮುಖಕ್ಕೆ ತಾಗಿದ ಕ್ಷಣದಲ್ಲೇ ಅದು ತಣ್ಣಗಿದೆ ಎಂದು ಗೊತ್ತಾಗುತ್ತದೆ. ಕಾಲು ಗಂಟೆಯೊಳಗೆ ಉಷ್ಣಮಾಪಕದ ಪಾದರಸ 26ಕ್ಕೆ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹೊತ್ತಿಗೆ ನಮ್ಮ ಮಳೆಮಾಪಕದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮಳೆ ಬರುವ ಮೊದಲೇ ಹದಿಮೂರು ಡಿಗ್ರಿ ತಂಪು ಎಲ್ಲಿಂದ ಬಂತು?

ಅದು ಇನ್ನೆಲ್ಲೋ ಬಿದ್ದ ಮಳೆಯ ತಂಪು. ಮೋಡದಿಂದ ಹೊರಟ ಹನಿ ನೆಲ ಮುಟ್ಟುವ ಮೊದಲು ಒಣಗಾಳಿಯನ್ನು ಹಾಯ್ದು ಬರಬೇಕು. ಹಾಯುವಾಗ ಅದರ ಒಂದು ಭಾಗ ಆವಿಯಾಗಿ ಹೋಗುತ್ತದೆ. ಮಡಕೆಯ ನೀರು ತಣ್ಣಗಾಗುವುದೂ, ಬೆವರಿದ ಮೈಗೆ ಗಾಳಿ ಹಿತವಾಗುವುದೂ ಇದೇ ಕಾರಣಕ್ಕೆ: ನೀರು ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಅದು ಸುತ್ತಲಿನಿಂದ ಕಿತ್ತುಕೊಳ್ಳುತ್ತದೆ. ಲೆಕ್ಕ ಸುಲಭವಾಗಿದೆ. ಒಂದು ಕಿಲೋ ಗಾಳಿಯಲ್ಲಿ ಒಂದೇ ಒಂದು ಗ್ರಾಂ ನೀರು ಆವಿಯಾದರೆ ಆ ಗಾಳಿ ಸುಮಾರು ಎರಡೂವರೆ ಡಿಗ್ರಿ ತಣ್ಣಗಾಗುತ್ತದೆ. ನಾಲ್ಕು ಗ್ರಾಂ ಆವಿಯಾದರೆ ಹತ್ತು ಡಿಗ್ರಿ. ತಣ್ಣಗಾದ ಗಾಳಿ ಭಾರವಾಗುತ್ತದೆ, ಭಾರವಾದದ್ದು ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ಕೊಡದಿಂದ ಅಂಗಳಕ್ಕೆ ಸುರಿದ ನೀರಿನ ಹಾಗೆ ನಾಲ್ಕೂ ಕಡೆ ಹರಡುತ್ತದೆ. ನಮ್ಮ ಅಂಗಳಕ್ಕೆ ಬಂದ ಧೂಳಿನ ಗೋಡೆ ಆ ಹರಡುವ ತಂಪಿನ ಮುಂಚೂಣಿ.

ಈ ತಂಪಿನ ಗಾಳಿ ಬಯಲುಸೀಮೆಯಲ್ಲಿ ಇಷ್ಟು ಬಿರುಸಾಗಿರಲು ನಮ್ಮ ಗಾಳಿಯ ಒಣತನವೇ ಕಾರಣ. ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂಬುದಕ್ಕೆ ಒಂದು ಅಂದಾಜಿನ ಲೆಕ್ಕವಿದೆ: ಗಾಳಿಯ ಉಷ್ಣಾಂಶಕ್ಕೂ ಇಬ್ಬನಿ ಕಟ್ಟುವ ಉಷ್ಣಾಂಶಕ್ಕೂ ಇರುವ ಅಂತರದ ಪ್ರತಿ ಡಿಗ್ರಿಗೆ 125 ಮೀಟರ್. ಮಂಗಳೂರಿನಂಥ ಕರಾವಳಿ ಊರಿನಲ್ಲಿ ಬೇಸಿಗೆಯ ಗಾಳಿ 34 ಡಿಗ್ರಿ ಇದ್ದು ಇಬ್ಬನಿಯ ಉಷ್ಣಾಂಶ 25 ಇದ್ದರೆ ಮೋಡದ ತಳ ಸುಮಾರು 1,100 ಮೀಟರ್ ಎತ್ತರದಲ್ಲಿರುತ್ತದೆ. ನಮ್ಮಲ್ಲಿ ಗಾಳಿ 39, ಇಬ್ಬನಿಯ ಉಷ್ಣಾಂಶ 17 ಇದ್ದ ದಿನ ಅದು 2,700 ಮೀಟರ್ ದಾಟುತ್ತದೆ. ಅಂದರೆ ನಮ್ಮ ಹನಿ ಅವರ ಹನಿಗಿಂತ ಎರಡು ಪಟ್ಟಿಗೂ ಹೆಚ್ಚು ದೂರ ಒಣಗಾಳಿಯಲ್ಲಿ ಪಯಣಿಸಬೇಕು. ಎಷ್ಟೋ ಸಂಜೆ ಮೋಡದಿಂದ ಮಳೆಯ ಕಾಲು ಇಳಿಬಿದ್ದದ್ದು ಕಾಣುತ್ತದೆ, ನೆಲ ಮುಟ್ಟುವುದಿಲ್ಲ. ನಡುದಾರಿಯಲ್ಲೇ ಬತ್ತಿ ಹೋಗಿರುತ್ತದೆ. ಅಂಥ ಸಂಜೆ ಗಾಳಿ ಮಾತ್ರ ಜೋರಾಗಿರುತ್ತದೆ, ತಗಡು ಹಾರುತ್ತವೆ, ಬಾಳೆ ಮುರಿಯುತ್ತದೆ, ಊರೆಲ್ಲ ತಂಪಾಗುತ್ತದೆ, ಮಳೆಮಾಪಕ ಖಾಲಿಯಿರುತ್ತದೆ. ಮಳೆ ಸೋತು ತಂಪಾಗಿ ಬಂತು ಎನ್ನಬೇಕು.

ಈ ತಂಪು ಮೋಡದ ಅಡಿಯಿಂದ ಹತ್ತಾರು ಕಿಲೋಮೀಟರ್ ದೂರದವರೆಗೂ ಹರಿದು ಹೋಗಬಲ್ಲದು. ಮಳೆಯಾದರೋ ಹಾಗಲ್ಲ, ಬಿಡಿಯಾಗಿ ಬೆಳೆದ ಒಂದು ಗುಡುಗುಮೋಡ ನೆನೆಸುವ ನೆಲ ಕೆಲವೇ ಕಿಲೋಮೀಟರ್ ಅಗಲದ್ದು, ಅದರ ಆಯುಷ್ಯ ಅರ್ಧ ಗಂಟೆಯಿಂದ ಒಂದು ಗಂಟೆ. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯುವುದಿಲ್ಲ ಎಂದು ಹಿರಿಯರು ಹೇಳುವುದು ಇಂಥ ಮಳೆಗೆ. ಒಂದು ವಿಶೇಷವೆಂದರೆ, ಎರಡು ಮೋಡಗಳ ತಂಪಿನ ಗಾಳಿ ಎಲ್ಲಾದರೂ ಎದುರಾದರೆ ಅಲ್ಲಿನ ಬಿಸಿಗಾಳಿ ಮತ್ತೆ ಮೇಲಕ್ಕೆ ತಳ್ಳಲ್ಪಟ್ಟು ಹೊಸ ಮೋಡ ಹುಟ್ಟಬಹುದು. ಹಾಗಾಗಿಯೇ ಒಂದು ಊರಿನಲ್ಲಿ ಮುಗಿಯಿತು ಅಂದುಕೊಂಡದ್ದು ಎರಡು ತಾಸಿನ ಮೇಲೆ ಇನ್ನೊಂದು ಊರಿನಲ್ಲಿ ಶುರುವಾಗುತ್ತದೆ.

ಹವಾಮಾನ ವಾಕ್ಯದ ಎರಡನೆಯ ಭಾಗ, ‘ಗರಿಷ್ಠ ಉಷ್ಣಾಂಶ ಎರಡರಿಂದ ಮೂರು ಡಿಗ್ರಿ ಕಡಿಮೆ’ ಎಂಬುದು ಈ ಸಂಜೆಯ ಹದಿಮೂರು ಡಿಗ್ರಿಯ ಮಾತಲ್ಲ, ಗಮನಿಸಿ. ದಿನದ ಗರಿಷ್ಠ ಉಷ್ಣಾಂಶ ಮಧ್ಯಾಹ್ನ ಎರಡು, ಮೂರು ಗಂಟೆಗೇ ದಾಖಲಾಗಿಬಿಟ್ಟಿರುತ್ತದೆ. ಮಳೆ ಬರುವುದು ಅದಾದ ಮೇಲೆ. ಸಂಜೆ ಎಷ್ಟೇ ತಂಪಾದರೂ ಆ ದಿನದ ಪುಸ್ತಕದಲ್ಲಿ 39 ಎಂದೇ ಉಳಿಯುತ್ತದೆ. ಇಳಿಕೆ ಕಾಣುವುದು ಮರುದಿನ. ಮರುದಿನ ಯಾಕೆ ಕಡಿಮೆಯಾಗುತ್ತದೆ ಎಂದರೆ, ಒಣಗಿದ ನೆಲಕ್ಕೆ ಬಿದ್ದ ಬಿಸಿಲಿನ ಬಹುಪಾಲು ನೆಲವನ್ನೂ ಗಾಳಿಯನ್ನೂ ಕಾಯಿಸಲು ಹೋಗುತ್ತದೆ. ನೆನೆದ ನೆಲದಲ್ಲಿ ಆ ಬಿಸಿಲು ಮೊದಲು ನೀರನ್ನು ಆವಿ ಮಾಡಬೇಕು. ಮೇ ತಿಂಗಳಲ್ಲಿ ನೆನೆದ ನೆಲದಿಂದ ಒಂದು ದಿನಕ್ಕೆ 5 ಮಿ.ಮೀ. ನೀರು ಆರಿದರೆ, ಆ ದಿನ ನೆಲಕ್ಕೆ ಬಿದ್ದ ಸೂರ್ಯಶಕ್ತಿಯ ಹತ್ತಿರ ಹತ್ತಿರ ಅರ್ಧದಷ್ಟು ಅದಕ್ಕೇ ಖರ್ಚಾಗುತ್ತದೆ. ಹೀಗಾಗಿ 15 ಮಿ.ಮೀ. ಮಳೆ ಬಿದ್ದ ಊರಿಗೆ ಎರಡು, ಮೂರು ದಿನದ ತಂಪು ಸಿಗುತ್ತದೆ, ಬರಿ ಗಾಳಿ ಹಾಯ್ದ ಊರಿಗೆ ಒಂದು ರಾತ್ರಿಯ ತಂಪು ಸಿಗುತ್ತದೆ. ಮರುದಿನ ಹತ್ತು ಗಂಟೆಗೆ ಮತ್ತೆ ಹಳೆಯ ಧಗೆ ತಿರುಗಿ ಬಂದರೆ ನಿಮ್ಮ ಊರಿನ ನೆಲ ನೆನೆದಿಲ್ಲ ಎಂದೇ ಅರ್ಥ. ಗಾಳಿಯಲ್ಲಿ ತೇವ ಹೆಚ್ಚಿದ್ದರಿಂದ ಉಷ್ಣಾಂಶ ಇಳಿದಿದ್ದರೂ ಬೆವರು ಆರದೆ ಸೆಕೆ ಹೆಚ್ಚೆನಿಸುವುದೂ ಉಂಟು. ವಯಸ್ಸಾದವರು, ಹಸುಗೂಸುಗಳು ಇರುವ ಮನೆಯವರು ‘ಡಿಗ್ರಿ ಕಡಿಮೆ ಆಯಿತಲ್ಲ’ ಎಂದು ಆ ದಿನ ನೀರು ಕುಡಿಸುವುದನ್ನು ಬಿಡಬಾರದು.

ನಮ್ಮ ಕಾಕಾ ಒಂದು ವರ್ಷ ಮೋಸ ಹೋದದ್ದು ಇಲ್ಲಿಯೇ. ಮೇ ಕೊನೆಯಲ್ಲಿ ಎರಡು ಸಂಜೆ ಸತತವಾಗಿ ಗಾಳಿ ಎದ್ದು, ಊರು ತಂಪಾಗಿ, ಮಣ್ಣಿನ ವಾಸನೆ ಎದ್ದಿತು. ನೆಲದ ಮೇಲು ಪದರ ಕಪ್ಪಾಗುವಷ್ಟು ಹನಿಯೂ ಬಿತ್ತು. ಬೆಳಗಿನ ಜಾವದ ತಂಪು ನೋಡಿ ಅವರು ಕೂರಿಗೆ ಹೂಡಿ ಹೆಸರು ಬಿತ್ತಿದರು. ಆ ಮೇಲುತೇವವನ್ನು ಕುಡಿದ ಬೀಜ ಉಬ್ಬಿ ಮೊಳಕೆ ಒಡೆಯಿತು, ಬೇರು ಕೆಳಗೆ ಹೋಗಿ ಒಣ ಮಣ್ಣಿಗೆ ತಾಗಿತು, ಮುಂದಿನ ಹತ್ತು ದಿನ ಮಳೆ ಬರಲಿಲ್ಲ. ಬೀಜ ಒಣಗಿಯೇ ಇದ್ದಿದ್ದರೆ ಮುಂದಿನ ಮಳೆಗಾದರೂ ಉಳಿಯುತ್ತಿತ್ತು. ಅರ್ಧ ನೆನೆದದ್ದರಿಂದ ಕೆಟ್ಟಿತು. ಅವರು ಕಸುಬಿನಲ್ಲಿ ನನಗಿಂತ ಎಷ್ಟೋ ದೊಡ್ಡವರು, ನೆಲ ಓದಬಲ್ಲವರು. ಅಂಥವರನ್ನೂ ಆ ತಂಪು ನಂಬಿಸಿಬಿಟ್ಟಿತು ಎಂಬುದು ನನ್ನ ಮನಸ್ಸಿನಲ್ಲಿ ಇವತ್ತಿಗೂ ಉಳಿದಿದೆ.

ತಂಪಿಗೆ ಬದಲು ಏನನ್ನು ನೋಡಬೇಕು? ಸಲಿಕೆ ತೆಗೆದುಕೊಂಡು ಹೊಲದ ಮೂರು, ನಾಲ್ಕು ಕಡೆ ಅಗೆದು ನೋಡಬೇಕು. 25 ಮಿ.ಮೀ. ಮಳೆ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ತರುತ್ತದೆ. ಕೇಳಲು ದೊಡ್ಡದು, ಆದರೆ ಪೂರ್ತಿ ಒಣಗಿದ ಎರೆಮಣ್ಣಿನಲ್ಲಿ ಅದು ಇಳಿಯುವುದು ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ಮಾತ್ರ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಅದೇ ಮಳೆ ಇನ್ನೂ ಆಳಕ್ಕೆ ಇಳಿಯುತ್ತದೆ, ಅಷ್ಟೇ ಬೇಗ ಆರುತ್ತದೆ. ಎರೆ ಹೊಲದಲ್ಲಿ ಬಿರುಕುಗಳಿದ್ದರೆ ಇನ್ನೂ ಎಚ್ಚರ ಬೇಕು. ಬಿರುಸು ಮಳೆಯ ನೀರು ಬಿರುಕಿನೊಳಗೆ ಓಡಿ ತಳ ಸೇರಿರುತ್ತದೆ, ಎರಡು ಬಿರುಕುಗಳ ನಡುವಿನ ಹೆಂಟೆ ಒಳಗೆ ಒಣಗಿಯೇ ಇರುತ್ತದೆ. ಒಂದು ಗೇಣು ಆಳದ ಮಣ್ಣನ್ನು ಹಿಡಿಯಲ್ಲಿ ಒತ್ತಿದಾಗ ಉಂಡೆ ಕಟ್ಟಬೇಕು, ಎದೆಯೆತ್ತರದಿಂದ ಬಿಟ್ಟರೆ ಆ ಉಂಡೆ ಪುಡಿಯಾಗದೆ ಹೋಳಾಗಬೇಕು. ಅಲ್ಲಿಯವರೆಗಿನ ಮಳೆಯೆಲ್ಲ ಹರಗುವುದಕ್ಕೆ, ಕಳೆ ಹುಟ್ಟಿಸಿ ಕೊಲ್ಲುವುದಕ್ಕೆ, ಒಡ್ಡು ಸರಿಪಡಿಸುವುದಕ್ಕೆ ಒದಗುವ ಮಳೆ, ಬಿತ್ತುವ ಮಳೆಯಲ್ಲ. 1930ರ ದಶಕದಲ್ಲಿ ಒಣಬೇಸಾಯದ ಅಧ್ಯಯನಕ್ಕಾಗಿ ದೇಶದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು, ಬಳ್ಳಾರಿ ಬಳಿಯ ಹಗರಿ ಮತ್ತು ಹರಿಯಾಣದ ರೋಹ್ತಕ್, ಈ ಐದು ಕಡೆ ಕೇಂದ್ರಗಳನ್ನು ತೆರೆದರು. ಐದರಲ್ಲಿ ಮೂರು ಇಂದಿನ ನಮ್ಮ ರಾಜ್ಯದ ಬಯಲುಸೀಮೆಯಲ್ಲಿವೆ. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿದಿಡುವ ಒಡ್ಡು, ಬೋದು, ಸಮಪಾತಳಿಯ ಬಿತ್ತನೆಯೇ ಅವರ ಕೆಲಸದ ತಿರುಳಾಗಿತ್ತು, ಮತ್ತು ಅಡ್ಡಮಳೆಗೆ ಇದು ಮುಂಗಾರಿಗಿಂತ ಹೆಚ್ಚು ಅನ್ವಯಿಸುತ್ತದೆ. ಅರ್ಧ ಗಂಟೆಯಲ್ಲಿ ಹೊಯ್ಯುವ ಮಳೆಯಲ್ಲಿ ಹಿಡಿಯದೆ ಬಿಟ್ಟ ನೀರೆಲ್ಲ ಹಳ್ಳಕ್ಕೆ ಹೋಗುತ್ತದೆ, ಜೊತೆಗೆ ಮಣ್ಣನ್ನೂ ಒಯ್ಯುತ್ತದೆ.

ಇನ್ನು ‘ಒಂದೆರಡು ಕಡೆ’ ಮತ್ತು ‘ಸಾಧ್ಯತೆ’ ಎಂಬ ಮಾತುಗಳು. ಇವು ಬಾಯಿಗೆ ಬಂದಂತೆ ಆಡಿದ ಮಾತುಗಳಲ್ಲ. ಭಾರತೀಯ ಹವಾಮಾನ ಇಲಾಖೆ ಪ್ರತಿಯೊಂದಕ್ಕೂ ಒಂದು ಅಳತೆ ಇಟ್ಟುಕೊಂಡಿದೆ. ಒಂದು ಪ್ರದೇಶದಲ್ಲಿ ನೂರು ಮಳೆಮಾಪಕ ಕೇಂದ್ರಗಳಿವೆ ಎಂದುಕೊಳ್ಳಿ. ಅವುಗಳಲ್ಲಿ ಇಪ್ಪತ್ತೈದು ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆಯಾಗುವಂತಿದ್ದರೆ ‘ಒಂದೆರಡು ಕಡೆ’ ಎನ್ನುತ್ತಾರೆ, ಇಪ್ಪತ್ತಾರರಿಂದ ಐವತ್ತಾದರೆ ‘ಕೆಲವು ಕಡೆ’, ಐವತ್ತೊಂದರಿಂದ ಎಪ್ಪತ್ತೈದಾದರೆ ‘ಹಲವು ಕಡೆ’, ಅದನ್ನೂ ಮೀರಿದರೆ ‘ಬಹುತೇಕ ಎಲ್ಲ ಕಡೆ’. ಹಾಗಾದರೆ ‘ಒಂದೆರಡು ಕಡೆ’ ಎಂದು ಹೇಳಿದ ದಿನ ನಾಲ್ಕರಲ್ಲಿ ಮೂರು ಊರುಗಳಿಗಾದರೂ ಮಳೆ ಬರುವುದಿಲ್ಲ ಎಂದು ಅವರೇ ಹೇಳಿದಂತಾಯಿತು. ಕಳೆದ ವರ್ಷ ಒಬ್ಬ ಹಿರಿಯರು ಸಂತೆಯಲ್ಲಿ ನನ್ನನ್ನು ನಿಲ್ಲಿಸಿ, ‘ಮಾಸ್ತರ, ರೇಡಿಯೋದಾಗ ಮಳಿ ಬರತೈತಿ ಅಂದಿದ್ರು, ನಮ್ಮ ಹೊಲಕ ಒಂದು ಹನಿ ಬೀಳಲಿಲ್ಲರಿ’ ಎಂದರು. ಅವರ ನೋವು ನಿಜವಾದದ್ದು. ಆದರೆ ರೇಡಿಯೊ ಹೇಳಿದ್ದು ಇಡೀ ಉತ್ತರ ಒಳನಾಡಿನ ಮಾತು, ಅವರು ಕೇಳಿದ್ದು ತಮ್ಮ ನಾಲ್ಕು ಎಕರೆಯ ಮಾತು. ಆ ದಿನ ಅವರ ಹೊಲಕ್ಕೆ ಮಳೆ ಬರುವ ಸಾಧ್ಯತೆ ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಇತ್ತು.

ನಾಲ್ಕರಲ್ಲಿ ಒಂದು ಎಂಬುದನ್ನು ಕಡೆಗಣಿಸಲೂ ಬಾರದು. ಅದೇ ಸಾಧ್ಯತೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಮೂರು ದಿನ ಮುಂದುವರಿದರೆ, ಆ ಮೂರರಲ್ಲಿ ಒಂದು ದಿನವಾದರೂ ನಿಮ್ಮ ಹೊಲಕ್ಕೆ ಮಳೆ ಬರುವ ಸಾಧ್ಯತೆ ನೂರಕ್ಕೆ 58ರಷ್ಟಾಗುತ್ತದೆ. ವಿದ್ಯಾರ್ಥಿಗಳು ಮನೆಗೆ ಹೋಗಿ ಮುಕ್ಕಾಲನ್ನು ಮುಕ್ಕಾಲಿನಿಂದ, ಮತ್ತೆ ಮುಕ್ಕಾಲಿನಿಂದ ಗುಣಿಸಿ, ಬಂದದ್ದನ್ನು ಒಂದರಿಂದ ಕಳೆದು ನೋಡಿ. ಇಡೀ ವಾರ ‘ಒಂದೆರಡು ಕಡೆ’ ಎಂದು ಹೇಳುತ್ತಲೇ ಇದ್ದರೆ ಅದು ಬೇಸರದ ಪುನರಾವರ್ತನೆಯಲ್ಲ, ಆ ವಾರದಲ್ಲಿ ಒಂದು ಸಲವಾದರೂ ಮಳೆ ಸಿಗುವ ಸಾಧ್ಯತೆ ದೊಡ್ಡದಿದೆ ಎಂಬ ಲೆಕ್ಕ.

ನಿಖರತೆ ಬೇಕೆಂದರೆ ಕಾಲವನ್ನು ಕಿರಿದು ಮಾಡಬೇಕು. ನಾಳೆ ಯಾವ ಊರಿನ ಮೇಲೆ ಮೋಡ ಏಳುತ್ತದೆಂದು ಇವತ್ತು ಯಾರಿಗೂ ಹೇಳಲಾಗದು. ಒಲೆಯ ಮೇಲಿಟ್ಟ ಎಸರಿನಲ್ಲಿ ಮೊದಲ ಗುಳ್ಳೆ ಎಲ್ಲಿ ಏಳುತ್ತದೆಂದು ಹೇಳಿದ ಹಾಗಾಗುತ್ತದೆ. ಆದರೆ ಎದ್ದ ಮೋಡವನ್ನು ರಾಡಾರ್ ಕಾಣುತ್ತದೆ, ಅದರ ಆಧಾರದ ಮೇಲೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆ ಜಿಲ್ಲಾವಾರು ಬರುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲೇ ನಿಮ್ಮ ಹೋಬಳಿಯ ಮಾತು ಕೇಳಬಹುದು. ಬೆಳಿಗ್ಗೆ ರೇಡಿಯೊದ ವಾಕ್ಯ ಕೇಳಿ ಎಚ್ಚರದಿಂದಿರುವುದು, ಮಧ್ಯಾಹ್ನ ಮೂರರ ಮೇಲೆ ಆಕಾಶವನ್ನೂ ಫೋನನ್ನೂ ನೋಡುವುದು, ಇದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಆಲಿಕಲ್ಲಿನ ಬಗ್ಗೆ ಎರಡು ಮಾತು. ಬೇಸಿಗೆಯಲ್ಲಿ ನಮ್ಮ ಮೇಲೆ ನೀರು ಹೆಪ್ಪುಗಟ್ಟುವ ಎತ್ತರ ಸುಮಾರು ಐದು ಕಿಲೋಮೀಟರ್. ಅದನ್ನೂ ದಾಟಿ ಏರಿದ ಮೋಡದಲ್ಲಿ ಮಂಜಿನ ಹರಳು ಹುಟ್ಟುತ್ತದೆ, ಏರುಗಾಳಿ ಬಲವಾಗಿದ್ದರೆ ಅದನ್ನು ಎತ್ತಿಹಿಡಿದು ಪದರ ಪದರವಾಗಿ ಬೆಳೆಸುತ್ತದೆ. 2014ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಮರಾಠವಾಡ ಮತ್ತು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬಿದ್ದ ಆಲಿಕಲ್ಲು ದ್ರಾಕ್ಷಿ, ದಾಳಿಂಬೆ, ಜೋಳಗಳನ್ನು ಹೊಲದಲ್ಲೇ ಹಾಳುಮಾಡಿದ್ದನ್ನು ವಿಜಯಪುರದ ಕಡೆಯ ಬೆಳೆಗಾರರು ಇನ್ನೂ ಮರೆತಿಲ್ಲ.

ಸಿಡಿಲಿನ ಬಗ್ಗೆ ಮಾತ್ರ ಎರಡು ಮಾತು ಸಾಲದು. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ, ಅವರಲ್ಲಿ ಬಹುಪಾಲು ಹೊಲದಲ್ಲಿದ್ದವರು, ದನ ಕುರಿ ಕಾಯುವವರು. ಬಯಲು ಎಂದರೆ ಎತ್ತರವಾದದ್ದು ಏನೂ ಇಲ್ಲದ ನೆಲ. ಇದ್ದ ಒಂದೇ ಬೇವು, ಒಂದೇ ಬನ್ನಿ, ಒಂದೇ ಜಾಲಿಯ ಕಡೆಗೇ ಮಳೆಗೆ ಮನುಷ್ಯನೂ ಓಡುತ್ತಾನೆ, ಕುರಿಯೂ ಓಡುತ್ತದೆ. ಸಿಡಿಲಿಗೂ ಹತ್ತಿರದ ದಾರಿ ಅದೇ. ಮರಕ್ಕೆ ಬಡಿದ ಸಿಡಿಲು ಬೇರಿನ ಗುಂಟ ನೆಲದಲ್ಲಿ ಹರಡುತ್ತದೆ, ಮುಂಗಾಲಿನಿಂದ ಹಿಂಗಾಲಿಗೆ ಹಾಯುತ್ತದೆ. ಒಂದೇ ಸಿಡಿಲಿಗೆ ಮರದಡಿಯ ಹಿಂಡು ಹಿಂಡೇ ಸಾಯುವುದು ಹೀಗೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಮೋಡ ಹತ್ತು ಕಿಲೋಮೀಟರ್ ಒಳಗೆ ಬಂದಿದೆ, ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಕೆಲಸ ಬಿಟ್ಟು ಪಕ್ಕಾ ಮನೆಯೊಳಗೋ ಮುಚ್ಚಿದ ವಾಹನದೊಳಗೋ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬಾರದು. ಸಿಡಿಲಿನ ಎಚ್ಚರಿಕೆಗೆಂದೇ ರಾಜ್ಯದ ಅದೇ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಮತ್ತು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳಿವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಕುರಿ ಕಾಯಲು ಹೋಗುವ ಅಜ್ಜನ ಫೋನಿಗೆ ಇವತ್ತೇ ಹಾಕಿಕೊಡಿ.

ಅ‍ಡ್ಡಮಳೆ ಬಾರದಿದ್ದರೆ ಏನಾಗುತ್ತದೆ, ಅತಿಯಾದರೆ ಏನಾಗುತ್ತದೆ ಎಂಬ ಎರಡನ್ನೂ ಈಚಿನ ವರ್ಷಗಳಲ್ಲೇ ಕಂಡೆವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ಒಣ ನೆಲದ ಮೇಲೆ 2024ರ ಬೇಸಿಗೆ ಬಂತು. ಏಪ್ರಿಲ್ ಪೂರ್ತಿ ಬೆಂಗಳೂರು ನಗರದ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆ ಬೀಳಲಿಲ್ಲ, 28ರಂದು ಅಲ್ಲಿ 38.5 ಡಿಗ್ರಿ ದಾಖಲಾಯಿತು. ತಂಪಿನೂರು ಎಂದು ಹೆಸರಾದ ಊರಿಗೆ ಅದು ದೊಡ್ಡ ಅಂಕಿ. ನಡುವೆ ತಣಿಸುವ ಗುಡುಗುಮಳೆಯಿಲ್ಲದೆ ಕಾವು ದಿನದಿಂದ ದಿನಕ್ಕೆ ಏರುತ್ತಲೇ ಹೋದದ್ದರ ಫಲ ಅದು. ಮರುವರ್ಷ ಇದಕ್ಕೆ ತಿರುಗುಮುರುಗು. 2025ರ ಮೇ ತಿಂಗಳಲ್ಲಿ ವಾಡಿಕೆಯಂತೆ ರಾಜ್ಯಕ್ಕೆ ಸುಮಾರು 74 ಮಿ.ಮೀ. ಬೀಳಬೇಕಾದಲ್ಲಿ 219 ಮಿ.ಮೀ. ಬಿತ್ತು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ರೋಹಿಣಿ ಹುಟ್ಟುವ ಮೊದಲೇ ಹಳ್ಳಗಳು ತುಂಬಿದವು, ಹಗಲು ಅಷ್ಟು ತಂಪಾಗಿತ್ತು. ಆದರೆ ಎರೆ ನೆಲ ನೆನೆದರೆ ಕಾಲಿಗಂಟುವ ನೆಲ. ಎತ್ತು ಇಳಿಯದು, ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ. ಮಳೆಗೂ ಮಳೆಗೂ ನಡುವೆ ನಾಲ್ಕು ದಿನ ಹೊರಪು ಸಿಗದೆ ಹರಗಲಾಗದ ಹೊಲಗಳಲ್ಲಿ ಕಳೆ ಬೆಳೆದು ನಿಂತದ್ದನ್ನು ನೀವೇ ನೋಡಿದ್ದೀರಿ. ನಮಗೆ ಬೇಕಾದದ್ದು ಬಿಟ್ಟು ಬಿಟ್ಟು ಬರುವ ಮಳೆ, ಎರಡರ ನಡುವೆ ಹದ ಕೊಡುವ ಬಿಸಿಲು.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಯುವಕರು ಎದ್ದು, ‘ಎಲ್ಲಾ ತಿಳೀತರಿ ಸರ. ನಾಳೆ ಒಂದೆರಡು ಕಡೆ ಅಂದಾರ. ನಾ ತಾಡಪತ್ರಿ ಹಾಕೂದೋ ಬ್ಯಾಡೋ? ಬಿತ್ತೂದೋ ಬ್ಯಾಡೋ?’ ಎಂದು ಕೇಳಿದರು. ಅವರ ಪ್ರಶ್ನೆ ಇಡೀ ಉಪನ್ಯಾಸಕ್ಕಿಂತ ಚೆನ್ನಾಗಿತ್ತು. ನಾನು ಹೀಗೆ ಹೇಳಿದೆ: ಸಾಧ್ಯತೆ ನಾಲ್ಕರಲ್ಲಿ ಒಂದು ಎಂದೇ ಇಟ್ಟುಕೊಳ್ಳಿ. ತಾಡಪತ್ರಿ ಹಾಕಲು ನಿಮಗೂ ನಿಮ್ಮ ತಮ್ಮನಿಗೂ ಅರ್ಧ ತಾಸು ಬೇಕು. ಮಳೆ ಬಾರದಿದ್ದರೆ ಆ ಅರ್ಧ ತಾಸು ಹೋಯಿತು, ಅಷ್ಟೇ. ಹಾಕದೆ ಮಳೆ ಬಂದರೆ ಮುಂದಿನ ಸುಗ್ಗಿಯವರೆಗಿನ ಮೇವು ಕೊಳೆಯುತ್ತದೆ. ಬಿತ್ತನೆಯಲ್ಲಿ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ನಾಲ್ಕರಲ್ಲಿ ಮೂರು ಸಲ ಬೀಜ, ಗೊಬ್ಬರ, ಎತ್ತಿನ ಬಾಡಿಗೆ ಮೂರೂ ಹೋಗುತ್ತವೆ, ಕಾಯ್ದರೆ ಕಳೆದುಕೊಳ್ಳುವುದು ಒಂದು ವಾರ. ಬಣವೆಗೆ ಇವತ್ತು ಸಂಜೆಯೇ ತಾಡಪತ್ರಿ ಹಾಕಿ ಸುತ್ತ ಕಲ್ಲು ಹೇರಿ, ಗಾಳಿ ಮಳೆಗಿಂತ ಮೊದಲು ಬರುತ್ತದೆ. ಬೀಜದ ಚೀಲವನ್ನು ಮಾತ್ರ, ಒಂದು ಗೇಣು ಅಗೆದು ಉಂಡೆ ಕಟ್ಟಿ ನೋಡುವವರೆಗೆ ಬಿಚ್ಚಬೇಡಿ.